ದೇವರ ಕಟ್ಟಳೆ, ಸರ್ಕಾರದ ಕಟ್ಟಳೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಾ ಮಾಡುತ್ತಾ ನನ್ನ ತಲೆ ಹಣ್ಣಾಗಿದೆ. ಕಕ್ಷಿದಾರರು ದಾವೆಯ ಕಾಗದ ಬಿಚ್ಚುವ ಮೊದಲು ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಮೇಜಿನ ಮೇಲಿಡುತ್ತಾರೆ. "ದೇವಸ್ಥಾನದಲ್ಲಿ ಹಿಂಗೆ ಹೇಳಿಕೆ ಆಯ್ತು ವಕೀಲರೇ, ನೀವೇನಂತೀರಿ?" ಅಂತ ಮಾತು ಶುರುವಾಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಶಿವಮೊಗ್ಗದ ಬಸ್ಸಿನಲ್ಲಿ, ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಮುಗಿದು ಕಷಾಯ ಕುಡಿಯುವಾಗಲೂ ಇದೇ ವಿಚಾರ. ಕೆಲವರು ಕಾಗದ ಬರೆದೂ ಕೇಳಿದ್ದಾರೆ. ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ನನಗೂ ನಿದ್ದೆ ಕೆಡಿಸಿದ್ದು ಕೊನೆಗೆ. ನಿಮ್ಮದೇ ಕೇಸು ನಡೆಯುತ್ತಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ, ನಿಮ್ಮ ವಕೀಲರನ್ನು ಕಾಣಿ.

## ಮೊದಲು ಸುಲಭದ್ದು

ದೇವರು ದೊಡ್ಡವನಾ, ಕಾನೂನು ದೊಡ್ಡದಾ? ಸುತ್ತು ಬಳಸದೆ ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ, ನಾಲ್ಕು ಮಾತು ಆಡಲು ಬಿಡಿ. ಭಕ್ತನಿಗೆ ದೇವರಿಗಿಂತ ದೊಡ್ಡದು ಏನೂ ಇಲ್ಲ. ಅದು ಅವನ ಎದೆಯೊಳಗಿನ ವಿಷಯ, ಅಲ್ಲಿಗೆ ಯಾವ ಅಮೀನನೂ ಸಮನ್ಸ್ ಹಿಡಿದು ಹೋಗಲಾರ. ಆದರೆ ದೇವರು ತಾನೇ ಬಂದು ತಾಲೂಕು ಕಚೇರಿಯ ಕಟ್ಟೆಯ ಮೇಲೆ ನಿಂತು ಮಾತಾಡಿದ್ದನ್ನು ನಾನಂತೂ ನೋಡಿಲ್ಲ. ಪ್ರತಿ ಸಲ ಯಾರೋ ಒಬ್ಬ ಮನುಷ್ಯ ಬಂದು "ದೇವರ ಅಪ್ಪಣೆ ಹೀಗಿದೆ" ಅನ್ನುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ.

ಅದಕ್ಕೇ ನಾನು ಎರಡು ಪ್ರಶ್ನೆ ಕೇಳುತ್ತೇನೆ. ದೇವರ ಮಾತು ಅಂತ ಹೇಳುತ್ತಿರುವ ಬಾಯಿ ಯಾರದು? ಆ ಮಾತು ನಡೆಸಿದರೆ ನೋವು ಯಾರಿಗೆ? ಏಕಾದಶಿ ಉಪವಾಸ, ರೋಜಾ, ಶಬರಿಮಲೆಗೆ ಬರಿಗಾಲಲ್ಲಿ ಹೋಗುವುದು, ಇವುಗಳಲ್ಲಿ ಮಾಡುವವನ ಹೊಟ್ಟೆ, ಮಾಡುವವನ ಕಾಲು. ಕಾನೂನಿಗೆ ಅಲ್ಲಿ ಕೆಲಸವಿಲ್ಲ. ನನ್ನ ಭಕ್ತಿಗೆ ಪಕ್ಕದ ಮನೆಯವನು ಬೆಲೆ ತೆರಬೇಕು ಅಂತಾದಾಗ ಕಾನೂನು ಬಾಗಿಲು ತಟ್ಟುತ್ತದೆ.

ನನ್ನ ಧರ್ಮ ಪಾಲಿಸೋ ಹಕ್ಕು ಸಂವಿಧಾನದಲ್ಲೇ ಇದೆಯಲ್ಲ, ಮತ್ತೆ ಯಾಕೆ ತಕರಾರು?

ಇದೆ, 25ನೇ ವಿಧಿಯಲ್ಲಿ. ಆದರೆ ಆ ವಿಧಿ ಶುರುವಾಗುವುದೇ ಷರತ್ತಿನಿಂದ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಅಂತ ಮೊದಲೇ ಹೇಳಿಬಿಡುತ್ತದೆ. ಹಕ್ಕು ಹೇಳುವ ಮೊದಲೇ ಬೇಲಿ ಹಾಕಿದ ಹಾಗೆ. ಧರ್ಮದ ಜೊತೆ ಅಂಟಿಕೊಂಡಿರುವ ಹಣಕಾಸು, ರಾಜಕೀಯದ ವ್ಯವಹಾರವನ್ನು ಸರ್ಕಾರ ನಿಯಂತ್ರಿಸಬಹುದು ಅಂತ ಅದೇ ವಿಧಿಯ ಎರಡನೇ ಭಾಗದಲ್ಲಿದೆ. ಸಮಾಜ ಸುಧಾರಣೆಗೂ, ಹಿಂದೂ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೆ ತೆರೆಸುವುದಕ್ಕೂ ಕಾನೂನು ಮಾಡಬಹುದು. 26ನೇ ವಿಧಿ ಮಠ, ಪಂಥಗಳಿಗೆ ತಮ್ಮ ಧಾರ್ಮಿಕ ವಿಷಯ ತಾವೇ ನೋಡಿಕೊಳ್ಳುವ ಹಕ್ಕು ಕೊಡುತ್ತದೆ. ದೇವಸ್ಥಾನದಲ್ಲಿ ಯಾವ ಮಂತ್ರ ಹೇಳಬೇಕು ಅಂತ ಮುಜರಾಯಿ ಅಧಿಕಾರಿ ಹೇಳುವಂತಿಲ್ಲ. ಹುಂಡಿಯ ಲೆಕ್ಕ ಮಾತ್ರ ಕೇಳಬಹುದು.

ಎಲ್ಲ ಧರ್ಮದಲ್ಲೂ ರಾಜನ ಮಾತು ಕೇಳು ಅಂತಲೇ ಇದೆಯಂತೆ, ಹೌದಾ?

ಇದೆ. ಕೇಳಬೇಡ ಅಂತಲೂ ಇದೆ. ರಾಜಾ ಪ್ರತ್ಯಕ್ಷ ದೇವತಾ ಅಂದವರ ನಾಡಿನಲ್ಲೇ ಪ್ರಹ್ಲಾದನ ಕಥೆ ಮನೆಮನೆಗೂ ಗೊತ್ತು. ಅಪ್ಪನೂ ಆಗಿದ್ದ, ಅರಸನೂ ಆಗಿದ್ದ ಹಿರಣ್ಯಕಶಿಪುವಿನ ಮಾತನ್ನು ಅವನು ಕೇಳಲಿಲ್ಲ. ಬೈಬಲ್ಲಿನಲ್ಲಿ ಕೈಸರನದ್ದು ಕೈಸರನಿಗೆ, ದೇವರದ್ದು ದೇವರಿಗೆ ಕೊಡಿ ಅನ್ನುವ ಮಾತಿದೆ. ಆಳುವವರಿಗೆ ಅಧೀನರಾಗಿರಿ ಅಂತ ರೋಮಾದವರಿಗೆ ಬರೆದ ಪತ್ರದಲ್ಲಿದೆ. ಹಾಗೇ, ಮನುಷ್ಯರಿಗಿಂತ ದೇವರ ಮಾತನ್ನು ಕೇಳಬೇಕು ಅಂತ ಯೇಸುವಿನ ಶಿಷ್ಯ ಪೇತ್ರ ಸಭೆಯ ಮುಂದೆ ಎದ್ದು ನಿಂತು ಹೇಳಿದ್ದೂ ಇದೆ. ಕುರಾನು ನಿಮ್ಮಲ್ಲಿ ಅಧಿಕಾರ ಇರುವವರ ಮಾತು ಕೇಳಿ ಅನ್ನುತ್ತದೆ. ಸೃಷ್ಟಿಸಿದವನಿಗೆ ಅವಿಧೇಯನಾಗಿ ಸೃಷ್ಟಿಯಾದವನಿಗೆ ವಿಧೇಯನಾಗಬೇಡ ಅನ್ನುವ ಹದೀಸ್ ಕೂಡ ಇದೆ.

ನಮ್ಮ ಕಡೆಯ ತಾಳಮದ್ದಳೆಯಲ್ಲಿ ಇದಕ್ಕೆ ಒಳ್ಳೆಯ ಜೋಡಿ ಸಿಗುತ್ತದೆ. ವಿಭೀಷಣ ಅಣ್ಣನ ಆಸ್ಥಾನ ಬಿಟ್ಟು ಎದ್ದು ಹೋದ. ಕುಂಭಕರ್ಣ ತಪ್ಪು ಅಂತ ಹೇಳಿ, ಆಮೇಲೆ ಅಣ್ಣನಿಗಾಗಿ ಸತ್ತ. ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಇಬ್ಬರೂ ಸರಿ ಅನ್ನಿಸುತ್ತದೆ. ನನ್ನ ಮತ ವಿಭೀಷಣನಿಗೆ. ಆದರೆ ಕುಂಭಕರ್ಣನ ಅರ್ಥ ಕೇಳುವಾಗ ಕಣ್ಣು ಒದ್ದೆಯಾಗದೆ ಇರುವುದಿಲ್ಲ.

ತೆರಿಗೆ ಹಣ ನನ್ನ ಧರ್ಮ ಒಪ್ಪದ ಕೆಲಸಕ್ಕೆ ಹೋಗುತ್ತೆ. ಕಟ್ಟದಿದ್ರೆ?

ನೋಟಿಸ್ ಬರುತ್ತದೆ. ಕಟ್ಟಿ, ಆಮೇಲೆ ವೋಟಿನಲ್ಲಿ ಹೇಳಿ.

ನಾನು ದೇವರನ್ನೇ ನಂಬಲ್ಲ. ಈ ಹಕ್ಕೆಲ್ಲ ನನಗಿಲ್ವಾ?

ಇದೆ. 25ನೇ ವಿಧಿಯಲ್ಲಿ ಮೊದಲು ಬರುವ ಪದವೇ ಅಂತಃಕರಣ ಅಥವಾ ಆತ್ಮಸಾಕ್ಷಿ, ಧರ್ಮ ಅದರ ನಂತರ. ಕೋರ್ಟಿನ ಕಟಕಟೆಯಲ್ಲೂ ದೇವರ ಹೆಸರಲ್ಲಿ ಪ್ರಮಾಣ ಮಾಡಲೇಬೇಕು ಅಂತಿಲ್ಲ. ಸತ್ಯವನ್ನೇ ಹೇಳುತ್ತೇನೆ ಅಂತ ದೃಢೀಕರಿಸಿದರೆ ಸಾಕು. ಸುಳ್ಳು ಹೇಳಿದರೆ ಇಬ್ಬರಿಗೂ ಶಿಕ್ಷೆ ಒಂದೇ.

## ಹರಕೆ, ಜಾತ್ರೆ, ಹಬ್ಬ

ಮಾರಿಗೆ ಕುರಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ಈಗ ಕಾನೂನು ಬೇಡ ಅನ್ನುತ್ತೆ. ಹರಕೆ ತಪ್ಪಿದ್ರೆ ಯಾರು ಹೊಣೆ?

ಈ ಪ್ರಶ್ನೆ ಸಾಗರದಲ್ಲಿ 3 ವರ್ಷಕ್ಕೊಮ್ಮೆ ಜೋರಾಗುತ್ತದೆ, ಮಾರಿಜಾತ್ರೆ ಹತ್ತಿರ ಬಂದಾಗ. ಶಿವಮೊಗ್ಗದ ಕೋಟೆ ಮಾರಿಕಾಂಬೆಗೂ ಶಿರಸಿಯ ಮಾರಿಕಾಂಬೆಗೂ 2 ವರ್ಷಕ್ಕೊಮ್ಮೆ. ಪ್ರಾಣಿಬಲಿ ತಡೆಯುವ ನಮ್ಮ ರಾಜ್ಯದ ಕಾಯ್ದೆ 1959ರದ್ದು. ಸಾರ್ವಜನಿಕ ಪೂಜಾಸ್ಥಳದಲ್ಲಿ, ಅದರ ಆವರಣದಲ್ಲಿ, ಬೀದಿಯಲ್ಲಿ ಹೋಗುವ ದೇವರ ಮೆರವಣಿಗೆಯಲ್ಲಿ ಬಲಿ ಕೊಡುವಂತಿಲ್ಲ. ಹಬ್ಬಕ್ಕೆ ಮನೆಯಲ್ಲಿ ಮಾಂಸದಡುಗೆ ಮಾಡಿ ನೆಂಟರಿಗೆ ಬಡಿಸುವುದನ್ನು ಅದು ತಡೆಯುವುದಿಲ್ಲ. ಈ ಎರಡನ್ನೂ ಗುಲ್ಲೆಬ್ಬಿಸುವವರು ಬೇಕಂತಲೇ ಒಂದು ಮಾಡುತ್ತಾರೆ.

ಹರಕೆಯ ಮಾತಿಗೆ ನಮ್ಮ ಮನೆಯದೇ ಕಥೆ ಇದೆ. ನಾನು ಲಾ ಓದುತ್ತಿದ್ದಾಗ ಅಪ್ಪನಿಗೆ ಕಾಯಿಲೆ ಬಂತು. ಅಮ್ಮ ಮಾರಿಗೆ ಕುರಿ ಹೇಳಿಕೊಂಡಳು. ಅಪ್ಪ ಎದ್ದು ಓಡಾಡಿದರು. ಜಾತ್ರೆ ಬಂತು. ನಾನು ಪುಸ್ತಕ ಹಿಡಿದು ಸೆಕ್ಷನ್ ಓದಿದೆ. ಅಮ್ಮ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಳು. ನಾಲ್ಕನೇ ದಿನ ತಾನೇ, ಮೈಮೇಲೆ ದೇವರು ಬರುವ ಪಾತ್ರಿಯ ಹತ್ತಿರ ಹೋಗಿ ಪ್ರಸಾದ ಕೇಳಿದಳು. ಹೂವು ಬಲಗಡೆ ಬಿತ್ತು, ಬೂದುಗುಂಬಳಕಾಯಿ ಆಗಬಹುದು ಅಂತಾಯ್ತು. ಮನೆಗೆ ಬಂದು, "ನಿನ್ನ ಪುಸ್ತಕ ನೋಡಿ ಬಿಟ್ಟಿದ್ದಲ್ಲ ಮಗಾ, ಅವಳೇ ಬೇಡ ಅಂದ್ಲು. ದೇವ್ರಿಗೆ ಕಾನೂನು ಗೊತ್ತಿಲ್ವೇನೋ?" ಅಂದಳು.

ನನ್ನ ಸೆಕ್ಷನ್ನಿಗೆ ಸಿಗದ ಸಮಾಧಾನ ಒಂದು ಹೂವಿಗೆ ಸಿಕ್ಕಿತು. ದೇವರ ಕಟ್ಟಳೆಯೊಳಗೇ ಬದಲಾವಣೆಗೆ ಬಾಗಿಲಿದೆ. ಶಿರಸಿಯಲ್ಲಿ ಕೋಣನ ಬಲಿ ನಿಂತಿದ್ದೂ 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದ ಸಂದರ್ಭದಲ್ಲಿ, ಊರಿನವರೇ ಮನಸ್ಸು ಮಾಡಿ. 1959ರ ಕಾಯ್ದೆಗೆ ಅದು ಕಾದಿರಲಿಲ್ಲ.

ಚಂದ್ರಗುತ್ತಿಯಲ್ಲಿ ಹೆಂಗಸರು ಇಷ್ಟಪಟ್ಟು ಹರಕೆ ತೀರಿಸ್ತಿದ್ರು. ಸರ್ಕಾರ ಯಾಕೆ ನಡುವೆ ಬಂತು?

ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮುಳುಗಿ, ಬಟ್ಟೆಯಿಲ್ಲದೆ ಗುಡ್ಡದ ಗುಡಿಯವರೆಗೆ ಹೋಗುವುದು. ಹೀಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಸಮುದಾಯಗಳ ಬಡವರು. ನೋಡಲು ಬರುತ್ತಿದ್ದವರು ಬೇರೆಯವರು, ಕ್ಯಾಮೆರಾ ಹಿಡಿದವರೂ ಇದ್ದರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಉಳಿದ ಕಾರ್ಯಕರ್ತರೂ ತಡೆಯಲು ಹೋದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ, ಮಹಿಳಾ ಪೊಲೀಸರನ್ನೂ ಬಿಡದೆ ಹೊಡೆದು, ಬಟ್ಟೆ ಕಿತ್ತು ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಇಷ್ಟಪಟ್ಟು ಅನ್ನುವ ಮಾತನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಕೆಲವರು ನಿಜವಾಗಿ ಇಷ್ಟಪಟ್ಟೇ ಬಂದಿರಬಹುದು. ಆದರೆ ಹರಕೆ ತೀರಿಸದಿದ್ದರೆ ಮಗು ಉಳಿಯುವುದಿಲ್ಲ ಅಂತ ಹೆದರಿದವಳ ಇಷ್ಟ ಎಷ್ಟು ಇಷ್ಟ? ಅದೇ ಹರಕೆ ಊರಿನ ಗೌಡರ ಮನೆ ಹೆಣ್ಣಿಗೆ ಯಾಕೆ ಇರಲಿಲ್ಲ? ದೇವರ ಆಜ್ಞೆ ಯಾವಾಗಲೂ ಬಡವರ ಮನೆಯ ವಿಳಾಸಕ್ಕೇ ಬರುತ್ತಿದ್ದರೆ ಅಂಚೆಯವನ ಮೇಲೆ ಅನುಮಾನ ಪಡಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಹೆಣ್ಣನ್ನು ಇಟ್ಟು ನೋಡಿ. ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿ. 12ನೇ ಶತಮಾನ. ಕೌಶಿಕ ಅನ್ನುವ ಅರಸ ಅವಳನ್ನು ಬಯಸಿದ. ಅವನ ಅಧಿಕಾರವನ್ನೂ ಅರಮನೆಯನ್ನೂ ಬಿಟ್ಟು, ಚೆನ್ನಮಲ್ಲಿಕಾರ್ಜುನನೇ ಗಂಡ ಅಂದು, ಕೂದಲನ್ನೇ ಉಡುಗೆ ಮಾಡಿಕೊಂಡು ಹೊರಟಳು ಅಂತ ಕಥೆ. ಅಕ್ಕನಿಗೆ ಯಾರೂ ಅಪ್ಪಣೆ ಮಾಡಿರಲಿಲ್ಲ, ಮಾಡಿದ್ದ ಒಬ್ಬ ಅರಸನ ಅಪ್ಪಣೆಯನ್ನು ಅವಳು ಒದ್ದಳು. ಚಂದ್ರಗುತ್ತಿಯದ್ದೂ ಉಡುತಡಿಯದ್ದೂ ಒಂದೇ ಅಂತ ಯಾರಾದರೂ ವಾದ ಮಾಡಿದರೆ ನಾನು ಎದ್ದು ಹೋಗುತ್ತೇನೆ.

ಹಾಗಾದ್ರೆ ಪ್ರದಕ್ಷಿಣೆ, ಹರಿಕಥೆ, ಜ್ಯೋತಿಷ್ಯ ಎಲ್ಲ ನಿಷೇಧವಾ?

ಇಲ್ಲ. 2017ರ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಾಗ ಈ ಗಾಳಿಮಾತು ಬಹಳ ಹಬ್ಬಿತ್ತು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ವಾಸ್ತು, ಜ್ಯೋತಿಷ್ಯ ಇವುಗಳಿಗೆ ಅಡ್ಡಿಯಿಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನ, ಕೊಕ್ಕೆ ಚುಚ್ಚಿ ತೂಗಿಸುವ ಸಿಡಿ, ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಇಂಥವು ಅಪರಾಧ. ವಾಸ್ತು ನೋಡಿ ಅಡುಗೆಮನೆ ಕೆಡವಿಸಿದವನನ್ನು ಒಳಗೆ ಹಾಕಲು ಆಗುವುದಿಲ್ಲ, ನನಗೆ ಬೇಜಾರಿದ್ದರೂ.

ಜಾತಕದಲ್ಲಿ ಈ ವರ್ಷ ತಪ್ಪಿದ್ರೆ ಕಂಕಣಬಲ ಇಲ್ಲ ಅಂತಿದೆ. ಹುಡುಗಿಗೆ 17 ತುಂಬಿದೆ. ಒಂದು ವರ್ಷ ತಾನೇ?

ಆ ಒಂದು ವರ್ಷಕ್ಕೆ ಜೈಲಿದೆ. 2006ರ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕರ್ನಾಟಕ ತಂದ ತಿದ್ದುಪಡಿ ಇನ್ನೂ ಬಿಗಿ. ಇಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಮದುವೆಯೇ ಆಗಿಲ್ಲ ಅಂತ ಲೆಕ್ಕ. ನಡೆಸಿಕೊಟ್ಟ ಪುರೋಹಿತರಿಗೂ, ಮಾಡಿಸಿದ ಅಪ್ಪನಿಗೂ 2 ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ. ಯಾರಾದರೂ 1098ಕ್ಕೆ ಫೋನ್ ಮಾಡಿದರೆ ಚಪ್ಪರದಲ್ಲೇ ನಿಲ್ಲುತ್ತದೆ. ಜಾತಕ ಬರೆದವರ ಹತ್ತಿರ ಇನ್ನೊಂದು ಸಲ ಹೋಗಿ, ಹೇಗೂ ಶಾಂತಿ ಅಂತ ಒಂದು ಇದ್ದೇ ಇರುತ್ತದೆ.

ತೋಟದಲ್ಲಿ ಮಂಗ ಸತ್ತಿದೆ. ಆಂಜನೇಯ ಅಲ್ವಾ, ಸಂಸ್ಕಾರ ಮಾಡದೆ ಬಿಡೋದು ಹೇಗೆ?

ದಯವಿಟ್ಟು ಮುಟ್ಟಬೇಡಿ. ಈ ಒಂದು ವಿಷಯದಲ್ಲಿ ನಾನು ವಾದಕ್ಕೂ ತಯಾರಿಲ್ಲ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಮುತ್ತ ಬೇರೆ ಮೈ ಹುಡುಕುತ್ತವೆ. ನೀವು ಅರಿಶಿನ ಕುಂಕುಮ ಹಿಡಿದು ಬಗ್ಗಿದರೆ ಆ ಮೈ ನಿಮ್ಮದೇ. ಹತ್ತಿರದ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ, ಅವರು ಬಂದು ಸುಡುತ್ತಾರೆ. ದೂರದಲ್ಲಿ ನಿಂತು ಕೈಮುಗಿಯಿರಿ. ತೋಟದ ಕೆಲಸಕ್ಕೆ ಬರುವ ಆಳುಗಳ ಮಕ್ಕಳು ನಿಮ್ಮ ಮಕ್ಕಳಿಗಿಂತ ಜಾಸ್ತಿ ಆ ಜಾಗದಲ್ಲಿ ಓಡಾಡುತ್ತಾರೆ ಅನ್ನುವುದು ನೆನಪಿರಲಿ.

ದೀಪಾವಳಿ ರಾತ್ರಿ ಬೂರೆ ಹಾಯೋದು, ಅಂದ್ರೆ ತಮಾಷೆಗೆ ಪಕ್ಕದವರದ್ದು ಎತ್ತಿಕೊಂಡು ಹೋಗೋದು, ಕಳ್ಳತನವಾ?

ಪುಸ್ತಕದ ಲೆಕ್ಕದಲ್ಲಿ ಹೌದು. ಪಕ್ಕದ ಮನೆಯ ಸೌತೆಕಾಯಿ, ಎಳನೀರು ಕೇಳದೆ ಒಯ್ದರೆ ಕಳವೇ. ಆದರೆ ಕೊಟ್ಟಿಗೆಯ ಬಾಗಿಲು ಮುಚ್ಚಿ ಒಳಗೆ ನಗುತ್ತಾ ಕೂತ ಮನೆಯೊಡೆಯ ದೂರು ಕೊಡುವುದಿಲ್ಲ. ಈಚೆಗೆ ಬೈಕು ಬಾವಿಗೆ ತಳ್ಳಿದವರ ಕೇಸು ನನ್ನ ಹತ್ತಿರ ಬಂದಿತ್ತು. ಅದು ಬೂರೆ ಅಲ್ಲ.

ರಾತ್ರಿ 10ರ ಮೇಲೆ ಮೈಕ್ ಬಂದ್ ಅಂತಾರೆ. ಬೆಳತನಕ ಯಕ್ಷಗಾನದ ಆಟ, ಭಜನೆ ನಡೆದ ಊರು ಇದು.

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಉತ್ಸವಕ್ಕೆ ವರ್ಷಕ್ಕೆ 15 ದಿನದವರೆಗೆ ಸರ್ಕಾರ ನಡುರಾತ್ರಿ 12ರವರೆಗೆ ಬಿಡಬಹುದು. ಗುಡಿ, ಮಸೀದಿ, ಚರ್ಚು, ರಾಜಕೀಯ ಸಭೆ ಎಲ್ಲಕ್ಕೂ ಇದೇ ನಿಯಮ. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡು ಅಂತ ಯಾವ ಧರ್ಮವೂ ಹೇಳಿಲ್ಲ ಅಂತ ಸುಪ್ರೀಂ ಕೋರ್ಟು ಅದೇ 2000ದಲ್ಲಿ ಚೆನ್ನೈನ ಒಂದು ಚರ್ಚಿನ ಕೇಸಿನಲ್ಲಿ ಹೇಳಿತು. ಆಟದ ಬಗ್ಗೆ ನನಗೂ ಸಂಕಟವಿದೆ. ಕಾಲಮಿತಿಯಲ್ಲಿ ರಾಕ್ಷಸನಿಗೆ ಅಬ್ಬರಿಸಲೂ ಪುರುಸೊತ್ತಿಲ್ಲ. ಆದರೆ ಹಿಂದಿನವರು ಬೆಳತನಕ ಆಡಿದ್ದು ಗ್ಯಾಸ್‌ಲೈಟಿನ ಬೆಳಕಲ್ಲಿ, ಬರೀ ಗಂಟಲಿನ ಬಲದಲ್ಲಿ. ನಿಯಮ ಇರುವುದು ಮೈಕಿನ ಪೆಟ್ಟಿಗೆಯ ಮೇಲೆ, ಭಾಗವತರ ಗಂಟಲ ಮೇಲೆ ಅಲ್ಲ.

ದೇವರ ಕಟ್ಟಳೆಗೂ ಸರ್ಕಾರದ ಕಟ್ಟಳೆಗೂ ಯಾವಾಗ್ಲೂ ಜಗಳವೇನಾ?

ಖಂಡಿತ ಇಲ್ಲ. ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಮಠದ ಮೆಟ್ಟಿಲ ಬುಡದಲ್ಲಿ ತುಂಗೆಯ ಮೀನು ಹಿಡಿಯುವುದಿಲ್ಲ, ಅವು ದೇವರ ಮೀನು. ಆ ಕಟ್ಟಳೆಯನ್ನೇ ಈಗ ಮತ್ಸ್ಯಧಾಮ ಅಂತ ಕರೆಯುತ್ತೇವೆ. ದೇವರಿಗೆ ಬಿಟ್ಟ ಕಾಡು, ದೇವರಕಾನಿನ ಮರಕ್ಕೆ ಕೊಡಲಿ ಹಾಕಲು ಹೆದರಿದವನು ಫಾರೆಸ್ಟ್ ಗಾರ್ಡಿಗೆ ಅಷ್ಟು ಹೆದರಿದವನಲ್ಲ. ದೇವರು ಅಡ್ಡ ಬಂದಿದ್ದನ್ನು ದಿನಾ ಮಾತಾಡುತ್ತೇವೆ, ಕಾವಲು ಕಾದಿದ್ದು ಯಾರಿಗೂ ಸುದ್ದಿಯಲ್ಲ.

## ಠಾಣೆ, ಕೋರ್ಟು, ಕಚೇರಿ

ಸಿಗಂದೂರಲ್ಲಿ ಆಣೆ ಮಾಡಿಸಿದ್ರೆ ಕೇಸು ಮುಗೀತಾ?

ಶರಾವತಿ ಹಿನ್ನೀರಿನ ಸುತ್ತ ಯಾವ ತೋಟದ ಬೇಲಿ ನೋಡಿದರೂ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅನ್ನುವ ಬೋರ್ಡು ಇರುತ್ತದೆ. ಅದು ಕೆಲಸ ಮಾಡುತ್ತದೆ ಅಂತ ನಾನೇ ಸಾಕ್ಷಿ ಹೇಳುತ್ತೇನೆ, ನಮ್ಮ ಅಡಿಕೆ ಗೊನೆ ಉಳಿದಿದೆ. ಮೊದಲು ಲಾಂಚಿಗೆ ಕಾದು ಹೋಗಬೇಕಿತ್ತು, 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆಣೆ ಹಾಕಲು ಹೋಗುವುದೂ ಸುಲಭವಾಗಿದೆ.

ಕಾನೂನಿನ ಮಾತು ಬೇರೆ. ದೇವರ ಮುಂದೆ ಮಾಡಿದ ಪ್ರಮಾಣದಿಂದ ಕೋರ್ಟಿನಲ್ಲಿರುವ ಕೇಸು ತಾನಾಗಿ ಮುಗಿಯುವುದಿಲ್ಲ. ಆಸ್ತಿ, ಸಾಲ, ಬೇಲಿಯ ಜಗಳವಾದರೆ ಆಣೆ ಆದ ಮೇಲೆ ಇಬ್ಬರೂ ಒಪ್ಪಿ ರಾಜಿ ಅರ್ಜಿ ಬರೆದು ಸಹಿ ಹಾಕಿ ಕೊಡಿ. ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರೆ ಅದರ ಮೇಲೆ ಅಪೀಲೂ ಇಲ್ಲ. ಕೊಲೆ, ಅತ್ಯಾಚಾರದಂಥ ಕೇಸುಗಳನ್ನು ಯಾವ ದೇವಿಯ ಮುಂದೆಯೂ ರಾಜಿ ಮಾಡುವಂತಿಲ್ಲ.

ಇನ್ನೊಂದು ಎಚ್ಚರಿಕೆ. ಒಬ್ಬರು ಕೊಟ್ಟ ಸಾಲವನ್ನು "ದೇವಿಗೆ ಬಿಟ್ಟಿದೀನಿ" ಅಂತ ಸುಮ್ಮನೆ ಕೂತಿದ್ದರು. ನನ್ನ ಹತ್ತಿರ ಬಂದಿದ್ದು ನಾಲ್ಕನೇ ವರ್ಷ. ಸಾಲ ವಸೂಲಿಯ ದಾವೆಗೆ ವಾಯಿದೆ 3 ವರ್ಷ. ದೇವಿಗೆ ವಾಯಿದೆ ಇಲ್ಲ, ನಮಗಿದೆ. ದೇವಿಗೂ ಬಿಡಿ, ನೋಟಿಸೂ ಕೊಡಿ.

ಪಾತ್ರಿ ಮೈಮೇಲೆ ದೇವರು ಬಂದು 'ಇವನೇ ಕಳ್ಳ' ಅಂತ ತೋರಿಸ್ತು. ಇದಕ್ಕಿಂತ ಸಾಕ್ಷಿ ಬೇಕಾ?

ಬೇಕು. ಸಾಕ್ಷಿ ಅಂದರೆ ಕಟಕಟೆಗೆ ಬರಬೇಕು, ಎದುರು ವಕೀಲ ಪಾಟೀಸವಾಲು ಹಾಕಬೇಕು. ಪಾತ್ರಿಯನ್ನು ಕರೆಸಿದರೆ "ಮೈಮೇಲೆ ಬಂದಾಗ ಏನು ಹೇಳಿದೆ ನಂಗೆ ಗೊತ್ತಿಲ್ಲ" ಅನ್ನುತ್ತಾನೆ, ಅದು ನಿಜವೂ ಇರಬಹುದು. ದೇವರನ್ನು ಪಾಟೀಸವಾಲು ಮಾಡುವ ಕಾಯ್ದೆ ಇಲ್ಲ. ಹೆದರಿಸಿ ಹೊಡೆದು ಒಪ್ಪಿಸಿದ ತಪ್ಪೊಪ್ಪಿಗೆಯೂ ನಿಲ್ಲುವುದಿಲ್ಲ. ತೋರಿಸಿಕೊಂಡವನು ತಿರುಗಿ ಮಾನಹಾನಿಯ ಕೇಸು ಹಾಕಿದರೆ ನೀವು ಕಟಕಟೆಯಲ್ಲಿ. ಹಾಗೆ ಬೆರಳು ತೋರಿಸಿಕೊಳ್ಳುವವನು ಹೆಚ್ಚಾಗಿ ಊರಲ್ಲಿ ಯಾರ ಬೆಂಬಲವೂ ಇಲ್ಲದವನೇ ಆಗಿರುತ್ತಾನೆ, ಗಮನಿಸಿದ್ದೀರಾ?

ರಸ್ತೆ ಅಗಲ ಮಾಡೋಕೆ ನಮ್ಮ ಭೂತಪ್ಪನ ಕಟ್ಟೆ ತೆಗೀಬೇಕಂತೆ. ತೆಗೀಬಹುದಾ?

ಸಾರ್ವಜನಿಕ ಜಾಗದಲ್ಲಿ ಇನ್ನು ಮೇಲೆ ಅನುಮತಿಯಿಲ್ಲದೆ ಯಾವ ಧರ್ಮದ ಕಟ್ಟಡವೂ ಏಳಬಾರದು ಅಂತ ಸುಪ್ರೀಂ ಕೋರ್ಟು 2009ರಲ್ಲಿ ಆದೇಶ ಮಾಡಿತು. 2021ರಲ್ಲಿ ನಂಜನಗೂಡು ತಾಲೂಕಿನಲ್ಲಿ ಒಂದು ಗುಡಿ ಒಡೆದು ಗಲಾಟೆಯಾದ ಮೇಲೆ, ಆಗ ಇದ್ದ ಕಟ್ಟಡಗಳನ್ನು ಉಳಿಸಲು ರಾಜ್ಯ ಸರ್ಕಾರ ಕಾಯ್ದೆ ತಂದಿತು. ಹಾಗಾಗಿ ಹಳೆಯದೋ ಹೊಸದೋ ಅನ್ನುವುದೇ ಮೊದಲ ಪ್ರಶ್ನೆ. ದಾಖಲೆ ಹುಡುಕಿ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಮುಳುಗುವಾಗ ನಮ್ಮ ಹಿರಿಯರು ದೇವರನ್ನು ಎಬ್ಬಿಸಿಕೊಂಡು, ಹೊತ್ತುಕೊಂಡು ಹೊಸ ಜಾಗಕ್ಕೆ ಬಂದರು. ಭೂತಪ್ಪನನ್ನು ಎಬ್ಬಿಸುವುದಕ್ಕೂ ಕ್ರಮವಿದೆ. ಜೆಸಿಬಿಯವನು ಬರುವ ಮೊದಲು ಅದನ್ನು ಮಾಡಿಸಲು ಸಮಯ ಕೇಳುವುದು ನ್ಯಾಯವಾದ ಬೇಡಿಕೆ.

ನಾವು ಒಳಗೆ ಬಂದ್ರೆ ದೇವರಿಗೆ ಮೈಲಿಗೆ ಅಂತಾರೆ. ಅವರ ನಂಬಿಕೆಗೆ ಕಾನೂನು ಕೈ ಹಾಕಬಹುದಾ?

ಹಾಕಬಹುದು, ಹಾಕಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, ಅಲ್ಲಿ ಒಂದೇ ಒಂದು ಷರತ್ತಿಲ್ಲ. ಆಗಿನ ಮೈಸೂರು ರಾಜ್ಯಕ್ಕೆ ಸೇರಿದ್ದ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸಿನಲ್ಲಿ ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಇದನ್ನು ನೋಡಿತು. ಪಂಥದವರಿಗೆ ಮಾತ್ರ ಅನ್ನುವ ಕೆಲವು ಸೇವೆಗಳನ್ನು ಉಳಿಸಿಕೊಳ್ಳಬಹುದು, ಆದರೆ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಅಂತ ಹೇಳಿತು. ಇಂದು ಪರಿಶಿಷ್ಟರನ್ನು ತಡೆದರೆ, ಬಹಿಷ್ಕಾರ ಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಗುತ್ತದೆ. "ದೇವರಿಗೆ ಬೇಡವಂತೆ" ಅನ್ನುವವರಿಗೆ ನಾನು ಒಂದೇ ಕೇಳುವುದು: ಗುಡಿ ಕಟ್ಟಲು ಕಲ್ಲು ಹೊತ್ತವರು ಯಾರು ಮಾರಾಯ್ರೆ? ಅವತ್ತು ದೇವರು ಸುಮ್ಮನಿದ್ದನಾ?

ನಾನು ಸರ್ಕಾರಿ ನೌಕರ. ನನ್ನ ಧರ್ಮ ಒಪ್ಪದ ಮದುವೆಗೆ ಸಹಿ ಹಾಕಬೇಕಾ?

ಹಾಕಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಮುಗಿದು, ಕಾನೂನಿನ ತಕರಾರು ಇಲ್ಲ ಅಂದರೆ ಬೇರೆ ಜಾತಿ, ಬೇರೆ ಧರ್ಮ ಅಂತ ನೀವು ತಡೆಯುವಂತಿಲ್ಲ. ನಿಮ್ಮ ಸಹಿ ಆಶೀರ್ವಾದ ಅಲ್ಲ. ಅದು ಕಚೇರಿಯ ಮುದ್ರೆ, ಸಂಬಳ ಕೊಟ್ಟಿದ್ದು ಆ ಮದುಮಕ್ಕಳ ತೆರಿಗೆಯೂ ಹೌದು. ಮನಸ್ಸು ಒಪ್ಪುವುದೇ ಇಲ್ಲ ಅಂದರೆ ಬೇರೆ ಜಾಗ ಕೇಳಿ, ಇಲ್ಲ ಕೆಲಸ ಬಿಡಿ. ಕಡತವನ್ನು ಡ್ರಾಯರಿನಲ್ಲಿಟ್ಟು "ನಾಳೆ ಬನ್ನಿ" ಅನ್ನುವುದರಲ್ಲಿ ಯಾವ ಭಕ್ತಿಯೂ ಇಲ್ಲ.

## ತಲೆ ಕೆಡಿಸುವವು

ಯಾವುದು ನಮ್ಮ ಧರ್ಮದ ಮುಖ್ಯ ಆಚರಣೆ ಅಂತ ಜಡ್ಜ್ ಯಾಕೆ ಹೇಳಬೇಕು? ಅವರೇನು ಸ್ವಾಮಿಗಳಾ?

ಒಳ್ಳೆಯ ಪ್ರಶ್ನೆ. ಇದು ಶುರುವಾಗಿದ್ದು ಉಡುಪಿಯ ಶೀರೂರು ಮಠದ ಕೇಸಿನಿಂದ, 1954ರಲ್ಲಿ. ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದು ಅನ್ನುವುದನ್ನು ಆ ಧರ್ಮದ ಸ್ವಂತ ತತ್ವಗಳಿಂದಲೇ ತಿಳಿಯಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ಮಠಗಳಿಗೆ ರಕ್ಷಣೆ ಕೊಡಲು ಬಂದ ಮಾತು ಅದು. ಆಮೇಲೆ ಬರುಬರುತ್ತಾ ನ್ಯಾಯಾಧೀಶರೇ ಗ್ರಂಥ ಬಿಚ್ಚಿ ಇದು ಅತ್ಯಗತ್ಯ, ಇದು ಅಲ್ಲ ಅಂತ ವಿಂಗಡಿಸುವ ಹಾಗಾಯಿತು.

2022ರ ಹಿಜಾಬ್ ಕೇಸು ನೋಡಿ. ಉಡುಪಿಯಲ್ಲಿ ಶುರುವಾಗಿ ಶಿವಮೊಗ್ಗಕ್ಕೂ ಬಿಸಿ ತಟ್ಟಿತು, ರಾಜ್ಯದಲ್ಲೆಲ್ಲ ಹೈಸ್ಕೂಲು, ಕಾಲೇಜುಗಳಿಗೆ ಕೆಲವು ದಿನ ರಜೆ ಕೊಟ್ಟರು. ಮಾರ್ಚ್ 15ರಂದು ಹೈಕೋರ್ಟು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಅಂತ ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು. ಒಬ್ಬರು ಸರ್ಕಾರದ ಆದೇಶ ಸರಿ ಅಂದರು. ಇನ್ನೊಬ್ಬರು ಅತ್ಯಗತ್ಯವೋ ಅಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಹುಡುಗಿಯ ಓದು ಮುಖ್ಯ ಅಂದರು. ದೊಡ್ಡ ಪೀಠಕ್ಕೆ ಹೋಗಲಿ ಅಂತಾಯಿತು.

ನನಗೆ ಎರಡನೆಯವರ ದಾರಿ ಹಿಡಿಸಿತು, ಪಕ್ಷ ಯಾವುದೇ ಇರಲಿ. ಇದು ನಿಮ್ಮ ಧರ್ಮದಲ್ಲಿ ಇದೆಯಾ ಅಂತ ಕೇಳುವುದಕ್ಕಿಂತ ಇದರಿಂದ ಯಾರಿಗೆ ಏನು ತೊಂದರೆ ಅಂತ ಕೇಳುವುದು ವಕೀಲರಿಗೂ ಜಡ್ಜಿಗೂ ಗೊತ್ತಿರುವ ಕೆಲಸ. ಗ್ರಂಥದ ಅರ್ಥ ಹೇಳುವುದನ್ನು ತಾಳಮದ್ದಳೆಯವರಿಗೆ ಬಿಡಬಹುದು.

ಕಾನೂನು ಹೇಳಿದ್ದನ್ನ ಮಾಡದೆ ಸುಮ್ನೆ ನಿಂತ್ರೂ ಅಪರಾಧವಾ?

1986ರಲ್ಲಿ, ಚಂದ್ರಗುತ್ತಿಯ ಗಲಾಟೆಯಾದ ಅದೇ ವರ್ಷ, ಕೇರಳದ ಮೂರು ಮಕ್ಕಳ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆ ಬಂದಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗಲ್ಲದೆ ಬೇರೆ ಯಾವುದಕ್ಕೂ ಆ ರೀತಿ ಹಾಡಬಾರದು ಅನ್ನುವುದು ಅವರ ನಂಬಿಕೆ. ಶಾಲೆ ಹೊರಗೆ ಹಾಕಿತು. ಹಾಡಲೇಬೇಕು ಅಂತ ಹೇಳುವ ಕಾಯ್ದೆಯೇ ಇಲ್ಲ, ನಿಂತು ಗೌರವ ಕೊಟ್ಟಿದ್ದಾರೆ, ಯಾರಿಗೂ ಅಡ್ಡಿ ಮಾಡಿಲ್ಲ ಅಂತ ಹೇಳಿ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು.

ಈ ಕೇಸನ್ನು ನಾನು ಊರಲ್ಲಿ ಹೇಳಿದರೆ ಹತ್ತರಲ್ಲಿ ಆರು ಜನ ಮುಖ ಸಿಂಡರಿಸುತ್ತಾರೆ. ಬಾಯಿ ಮುಚ್ಚಿ ನಿಂತ ಮೂರು ಮಕ್ಕಳು, ಇನ್ನೊಬ್ಬರ ಬಟ್ಟೆ ಕಿತ್ತ ಒಂದು ಗುಂಪು. ದೇವರ ಮಾತು ಕೇಳಿದ್ದೇವೆ ಅಂತ ಇಬ್ಬರೂ ಹೇಳಿದರು, ಅದೂ ಒಂದೇ ವರ್ಷದಲ್ಲಿ.

ಕಾನೂನೇ ತಪ್ಪಾಗಿದ್ರೆ? ಆಗಲೂ ತಲೆ ಬಾಗಬೇಕಾ?

ತಲೆ ಬಾಗದವರ ಊರಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿದ್ದೀರಿ. ಏಸೂರು ಕೊಟ್ಟರೂ ಈಸೂರು ಕೊಡೆವು ಅಂದ ಜನ. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನವರು ತಮ್ಮ ಊರನ್ನು ಸ್ವತಂತ್ರ ಅಂತ ಸಾರಿದರು, ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿದರು. ಆಮೇಲಿನ ಗಲಾಟೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಅವರ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರು ಅನ್ನುವುದನ್ನೂ ಮರೆಯಲಾರೆ.

1951ರಲ್ಲಿ ನಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ ನಡೆದ ರೈತರ ಸತ್ಯಾಗ್ರಹ ಇನ್ನೊಂದು ದಾರಿ. ಗೇಣಿ ಅಳೆಯುವ ಕೊಳಗದ ಅಳತೆಯಲ್ಲಿ ಮೋಸ, ಗೇಣಿದಾರರಿಗೆ ಮರ್ಯಾದೆ ಇಲ್ಲ. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತರು ಗದ್ದೆಗೆ ಇಳಿದು ಸರದಿ ಪ್ರಕಾರ ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೆ ಒಳಗಾದರು. ಒಡೆಯನ ಜಮೀನು ಒಡೆಯನದು ಅನ್ನುವುದು ಆಗಿನ ಕಾನೂನು, ದೇವರು ಹಣೆಯಲ್ಲಿ ಬರೆದದ್ದು ಅನ್ನುವುದು ಊರಿನ ಮಾತು. ಎರಡೂ ಒಡೆಯನ ಕಡೆಗೇ ಇದ್ದವು. 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾದಾಗ ಕಾನೂನು ಬದಲಾಯಿತು. ಹಣೆಬರಹವೂ ಬದಲಾಯಿತು ಅನ್ನಿ.

ತಪ್ಪು ಕಾನೂನು ಮುರಿಯಲೇಬೇಕು ಅಂತ ಯಾರಾದರೂ ನನ್ನ ಹತ್ತಿರ ಬಂದರೆ ಕಾಗೋಡಿನವರು ಮಾಡಿದ್ದನ್ನೇ ಹೇಳುತ್ತೇನೆ. ಹಗಲಲ್ಲಿ ಮುರಿಯಿರಿ, ಹೆಸರು ಹೇಳಿ ಮುರಿಯಿರಿ, ಕೈಗೆ ಬೇಡಿ ಹಾಕಿದರೆ ಕೈ ಚಾಚಿ. ರಾತ್ರಿ ಮುರಿದು ಬೆಳಿಗ್ಗೆ ನಿರೀಕ್ಷಣಾ ಜಾಮೀನು ಕೇಳುವವರು ಫೀಸು ಜಾಸ್ತಿ ಕೊಡಬೇಕಾಗುತ್ತದೆ.

ಅಧಿಕಾರದಲ್ಲಿರೋರೇ ಧರ್ಮದ ಮಾತು ಕೇಳಿ ದೊಡ್ಡವರನ್ನ ಎದುರಿಸಿದ್ದು ಇದೆಯಾ?

ಕೆಳದಿಯ ಚೆನ್ನಮ್ಮ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಆಶ್ರಯ ಕೇಳಿ ಬಂದ. ಕೊಟ್ಟರೆ ಔರಂಗಜೇಬನ ಸೈನ್ಯ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಮೊರೆಹೊಕ್ಕವರನ್ನು ಕಾಯುವುದು ಧರ್ಮ ಅಂತ ರಾಣಿ ಆಶ್ರಯ ಕೊಟ್ಟಳು, ಅವನನ್ನು ಮುಂದೆ ಸಾಗಿಸಿದಳು. ಸೈನ್ಯ ಬಂತು, ಮಳೆಗಾಲದ ಈ ಕಾಡಿನಲ್ಲಿ ಒದ್ದಾಡಿತು, ಕೊನೆಗೆ ಒಪ್ಪಂದವಾಯಿತು. ಆದರೆ ಇಲ್ಲಿಯೂ ನನ್ನ ಎರಡನೇ ಪ್ರಶ್ನೆ ಬಿಡುವುದಿಲ್ಲ: ಯುದ್ಧದಲ್ಲಿ ಸತ್ತ ಕಾಲಾಳುಗಳ ಮನೆಯವರನ್ನು ಯಾರಾದರೂ ಕೇಳಿದ್ದರೇ? ರಾಣಿ ಮಾಡಿದ್ದು ಸರಿ ಅಂತಲೇ ನಾನು ನಂಬುತ್ತೇನೆ. ಆದರೂ ಕೇಳುತ್ತೇನೆ.

ಇಷ್ಟೆಲ್ಲ ಹೇಳ್ತೀರಲ್ಲ, ನೀವು ಯಾವ ಕಡೆ?

ನಮ್ಮ ತೋಟದ ತಲೆಯಲ್ಲಿ, ಮತ್ತಿಮರದ ಬುಡದಲ್ಲಿ ಚೌಡಿಯ ಕಲ್ಲಿದೆ. ಅಜ್ಜನ ಕಾಲದಿಂದ ಪೂಜೆ ನಡೆದಿದೆ. ಸರ್ವೆ ಮಾಡಿಸಿದಾಗ ಕಲ್ಲು ನಮ್ಮ ಗಡಿಯಿಂದ ಮೂರು ಅಡಿ ಆಚೆ, ಕಾಡಿನೊಳಗೆ ಅಂತ ಬಂತು. ಮಗ ಚೌಡಿಯನ್ನು ಇತ್ತ ತಂದಿಡೋಣ ಅಂದ. ಅಮ್ಮ ಅವಳು ಇದ್ದಲ್ಲೇ ಇರಲಿ, ನಾವು ಹೋದರಾಯ್ತು ಅಂದಳು. ನಾನು ಬೇಲಿಯನ್ನು ಸರ್ವೆ ಗೆರೆಯ ಮೇಲೇ ಹಾಕಿಸಿದೆ, ಚೌಡಿಯ ಎದುರಿಗೆ ಒಂದು ತಡಮೆ ಬಿಡಿಸಿದೆ. ವರ್ಷಕ್ಕೊಮ್ಮೆ ಪೂಜೆಯ ದಿನ ಅದರಲ್ಲಿ ನುಸುಳಿ ಆಚೆ ಹೋಗುತ್ತೇವೆ. ಬೆಂಕಿ ಹಾಕುವುದಿಲ್ಲ, ಕೊಂಬೆ ಕಡಿಯುವುದಿಲ್ಲ, ಬಾಳೆ ಎಲೆ ಸಮೇತ ವಾಪಸು ತರುತ್ತೇವೆ. ಆ ದಿನ ಫಾರೆಸ್ಟ್ ಗಾರ್ಡೂ ಬರುತ್ತಾನೆ. ಮೊದಲು ಚೌಡಿಗೆ ಕೈಮುಗಿದು, ಆಮೇಲೆ ಬೇಲಿ ಸರಿದಿದೆಯಾ ಅಂತ ನೋಡಿ, ಎರಡು ಕಡುಬು ತಿಂದು ಹೋಗುತ್ತಾನೆ. ಕಡುಬನ್ನು ಲಂಚ ಅಂತ ಬರೆಯಬೇಡಿ ಮತ್ತೆ.